ಮುಂಬಯಿಯಲ್ಲಿ ಜನಪದ ಹಾಡು ಕಲಿಯಲು: ಯಾರಿಗೆ ಯಾವ ತರಗತಿ

ಮುಂಬಯಿಯಲ್ಲಿ 'ಜನಪದ ಗೀತೆಗಳ ತರಗತಿ' ಎಂಬ ಒಂದೇ ಫಲಕದ ಕೆಳಗೆ ಐದಾರು ಬಗೆಯ ಕಲಿಕೆ ನಡೆಯುತ್ತದೆ. ಒಂದು ಕಡೆ ಸುಗಮ ಸಂಗೀತದ ಶಿಕ್ಷಕಿಯೊಬ್ಬರು ಹಾರ್ಮೋನಿಯಂ ಮುಂದಿಟ್ಟುಕೊಂಡು ಭಾವಗೀತೆಗಳ ನಡುವೆ ಎರಡು ಜನಪದ ಗೀತೆಗಳನ್ನು ಸೇರಿಸಿ ಕಲಿಸುತ್ತಾರೆ. ಇನ್ನೊಂದು ಕಡೆ ದೇವಸ್ಥಾನದ ಭಜನಾ ಮಂಡಳಿಯವರು ಕೈಯಲ್ಲಿ ತಾಳ ಹಿಡಿದು ಮಕ್ಕಳನ್ನು ಕುಣಿತ ಭಜನೆಗೆ ತಯಾರು ಮಾಡುತ್ತಾರೆ. ಮತ್ತೊಂದು ಕಡೆ ಯಕ್ಷಗಾನದ ಗುರುಗಳು ಹೆಜ್ಜೆ ಮತ್ತು ತಾಳವನ್ನು ಹೇಳಿಕೊಡುತ್ತಾರೆ. ಊರಿನಲ್ಲಿರುವ ಕಲಾವಿದರು ಮೊಬೈಲಿನ ಪರದೆಯ ಮೇಲೆ ಬಂದು ತತ್ವಪದ ಕಲಿಸುವುದೂ ಈಗ ಸಾಮಾನ್ಯವಾಗಿದೆ. ಶುಲ್ಕ, ದೂರ, ಶಿಕ್ಷಕರ ಹೆಸರು ಎಂದು ಹೋಲಿಸಲು ಕುಳಿತರೆ ಇವೆಲ್ಲ ಒಂದೇ ಸರಕನ್ನು ಮಾರುವ ಬೇರೆ ಬೇರೆ ಅಂಗಡಿಗಳಂತೆ ಕಾಣುತ್ತವೆ. ಒಳಗೆ ಹೋಗಿ ಎರಡು ತಿಂಗಳು ಕುಳಿತ ಮೇಲೆಯೇ ಸರಕೇ ಬೇರೆ ಎಂದು ತಿಳಿಯುವುದು. ನಮ್ಮ ಮನೆಯಿಂದ ಮೂವರು, ಅಂದರೆ ಎಂಟು ವರ್ಷದ ಮಗಳು, ಧ್ವನಿ ಒಡೆಯುವ ವಯಸ್ಸಿನ ಮಗ ಮತ್ತು ನಲವತ್ತು ದಾಟಿದ ನಾನು, ಇಂಥ ತರಗತಿಗಳಿಗೆ ಹೋಗಿ, ಕೆಲವನ್ನು ಬಿಟ್ಟು, ಕೆಲವನ್ನು ಹಿಡಿದಿದ್ದೇವೆ. ಆ ಎರಡು ತಿಂಗಳುಗಳನ್ನು ಬೇರೆಯವರಿಗೆ ಉಳಿಸಿಕೊಡಬಹುದೆಂದು ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಅಲೆದಾಟದ ಕೊನೆಗೆ ನನ್ನ ಕೈಯಲ್ಲಿ ಉಳಿದಿರುವ ಅಳತೆಗೋಲು ಒಂದೇ: ಹಾಡನ್ನು ಅದರ ಕೆಲಸದ ಸಮೇತ ಕಲಿಸುತ್ತಾರೋ, ಹಾಡನ್ನು ಮಾತ್ರ ಕಲಿಸುತ್ತಾರೋ. ಬೀಸುವ ಪದ, ಕುಟ್ಟುವ ಪದ, ನಾಟಿಯ ಪದ, ಜೋಗುಳ, ಸೋಬಾನೆ, ಇವೆಲ್ಲವೂ ಯಾವುದೋ ಕೆಲಸಕ್ಕೋ ಶಾಸ್ತ್ರಕ್ಕೋ ಅಂಟಿಕೊಂಡು ಬೆಳೆದ ಹಾಡುಗಳು. ಅವುಗಳ ಲಯ ಕೈಯ ದುಡಿಮೆಯಿಂದ ಬಂದದ್ದು. ನಮ್ಮ ತ್ರಿಪದಿಯನ್ನೇ ನೋಡಿದರೆ, ಪುಸ್ತಕದಲ್ಲಿ ಅದು ಮೂರು ಸಾಲು. ಹಾಡುವಾಗ ಎರಡನೆಯ ಸಾಲು ಮರಳಿ ಬಂದು ನಾಲ್ಕಾಗುತ್ತದೆ. ಬೀಸುವ ಕಲ್ಲಿನ ಮುಂದೆ ಎದುರುಬದುರು ಕುಳಿತ ಇಬ್ಬರಲ್ಲಿ ಒಬ್ಬಳು ಬಿಟ್ಟದ್ದನ್ನು ಇನ್ನೊಬ್ಬಳು ಎತ್ತಿಕೊಳ್ಳುವುದಕ್ಕೆ, ಮುಂದಿನ ಸಾಲು ನೆನಪಿಗೆ ಬರುವುದಕ್ಕೆ ಆ ಮರುಕಳಿಕೆಯೇ ಜಾಗ ಮಾಡಿಕೊಡುತ್ತದೆ. ಇದನ್ನು ತಿಳಿಸದೆ 'ಈ ಸಾಲನ್ನು ಎರಡು ಸಲ ಹೇಳಿ' ಎಂದು ಹೇಳಿಕೊಟ್ಟರೆ ಮಗು ಎರಡು ಸಲ ಹೇಳುತ್ತದೆ, ಅಷ್ಟೇ.

ಕೆಲಸದ ಸಮೇತ ಕಲಿಸುವುದು ಹೇಗಿರುತ್ತದೆ ಎಂಬುದನ್ನು ನಾನು ಚೆಂಬೂರಿನ ಕಡೆಯ ಒಂದು ದೇವಸ್ಥಾನದ ಮೇಲ್ಮಹಡಿಯಲ್ಲಿ ನೋಡಿದೆ. ಅಲ್ಲಿಯ ಶಿಕ್ಷಕಿ ಒನಕೆಯ ಬದಲು ಎದೆಯೆತ್ತರದ ಪಿವಿಸಿ ಪೈಪುಗಳನ್ನು ತಂದಿದ್ದರು. ಒರಳಿನ ಜಾಗದಲ್ಲಿ ನಾಲ್ಕು ಮಡಿಕೆ ಹಾಕಿದ ಜಮಖಾನೆ ಇತ್ತು. ಇಬ್ಬಿಬ್ಬರು ಮಕ್ಕಳು ಎದುರುಬದುರು ನಿಂತು ಒಂದೇ ಗುರಿಗೆ ಸರದಿಯಂತೆ ಕುಟ್ಟಬೇಕಾಗಿತ್ತು. ಕುಟ್ಟುವ ಪದದಲ್ಲಿ ಮರಳಿ ಮರಳಿ ಬರುವ 'ಸುವ್ವಿ' ಎಂಬ ಸೊಲ್ಲನ್ನು ಹೇಳುವಾಗ ಒಬ್ಬರದು ಕೆಳಗೆ, ಇನ್ನೊಬ್ಬರದು ಮೇಲೆ. ಲಯ ತಪ್ಪಿದವರ ಪೈಪು ಜೊತೆಯವರ ಪೈಪಿಗೆ ಟಕ್ಕೆಂದು ಬಡಿಯುತ್ತಿತ್ತು. ಶಿಕ್ಷಕಿ 'ತಪ್ಪು' ಎಂಬ ಮಾತನ್ನು ಒಮ್ಮೆಯೂ ಆಡಲಿಲ್ಲ, ಏಕೆಂದರೆ ಆ ಕೆಲಸವನ್ನು ಪೈಪುಗಳೇ ಮಾಡುತ್ತಿದ್ದವು. ಹತ್ತು ನಿಮಿಷ ಕಳೆಯುವುದರೊಳಗೆ ಮಕ್ಕಳು ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕೆಂಬುದನ್ನು ತಾವೇ ಕಂಡುಕೊಂಡರು. ಕೈ ಮೇಲೆ ಹೋಗುವಾಗ ಉಸಿರು ಒಳಗೆ, ಕುಟ್ಟುವಾಗ ಹಾಡು ಹೊರಗೆ. ಕೆಳಗಿನ ಕಚೇರಿಯಲ್ಲಿ ಸುಣ್ಣ ಉದುರುತ್ತಿದೆ ಎಂದು ವ್ಯವಸ್ಥಾಪಕರು ಮೇಲೆ ಬಂದದ್ದು ಬೇರೆ ಮಾತು.

ಸಂಘಗಳ ಭಾನುವಾರದ ತರಗತಿ

ಮಕ್ಕಳ ಮಟ್ಟಿಗೆ ಹೇಳುವುದಾದರೆ, ಆರರಿಂದ ಹನ್ನೊಂದರವರೆಗಿನ ವಯಸ್ಸಿಗೆ ಕನ್ನಡ ಸಂಘಗಳ ಸಾಮೂಹಿಕ ತರಗತಿಯೇ ಮೊದಲ ಆಯ್ಕೆಯಾಗಬೇಕೆಂಬುದು ನನ್ನ ಅಭಿಪ್ರಾಯ. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ ಮೊದಲಾದ ಹಳೆಯ ಸಂಸ್ಥೆಗಳ ಸೂಚನಾಫಲಕವನ್ನು ನೋಡುತ್ತಿದ್ದರೆ, ಅಲ್ಲಿಯ ಕಾರ್ಯಕ್ರಮಗಳಿಗೆ ಹೋಗಿ ನಾಲ್ಕು ಜನರನ್ನು ವಿಚಾರಿಸಿದರೆ, ನಗರದಲ್ಲಿ ಯಾರು ಎಲ್ಲಿ ಏನನ್ನು ಕಲಿಸುತ್ತಿದ್ದಾರೆ ಎಂಬ ಸುದ್ದಿ ಸಿಗುತ್ತದೆ. ಡೊಂಬಿವಲಿ, ಠಾಣೆ, ಮೀರಾ ರೋಡ್, ನವಿ ಮುಂಬಯಿಯವರು ತಮ್ಮ ಹತ್ತಿರದ ಸಂಘಗಳಲ್ಲಿ ಇದೇ ರೀತಿ ವಿಚಾರಿಸುವುದು ಒಳ್ಳೆಯದು; ಎಳೆಯ ಮಕ್ಕಳನ್ನು ಎರಡು ರೈಲು ಬದಲಿಸಿ ಕರೆದುಕೊಂಡು ಹೋಗಿ ಒಂದು ತಾಸು ಹಾಡಿಸಿಕೊಂಡು ಬರುವ ಉತ್ಸಾಹ ಮಳೆಗಾಲದವರೆಗೂ ಉಳಿಯುವುದಿಲ್ಲ.

ಸಾಮೂಹಿಕ ತರಗತಿಯ ದೊಡ್ಡ ಗುಣವೆಂದರೆ ಹಾಡಿನ ಸ್ವಭಾವಕ್ಕೆ ಅದು ಹೊಂದುತ್ತದೆ. ನಮ್ಮ ಬಹುತೇಕ ಹಾಡುಗಳಲ್ಲಿ ಒಬ್ಬರು ಸೊಲ್ಲು ಹೇಳಿ ಉಳಿದವರು ಹಿಡಿಯುವ ಕ್ರಮವಿದೆ. ಹಿಮ್ಮೇಳದಲ್ಲಿ ನಿಂತ ನಾಚಿಕೆಯ ಮಗು ಮೂರನೆಯ ತಿಂಗಳಿಗೆ ತಾನೇ ಮುಂದೆ ಬರುತ್ತದೆ. ಅದನ್ನು ಯಾರೂ ಎಳೆದು ತರಬೇಕಾಗಿಲ್ಲ. ಕೋಲಾಟದಂಥ ಕುಣಿತ ಸೇರಿದರೆ ಇನ್ನೂ ಲೇಸು. ಒಂದೇ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಒಂದು ತಾಸು ಕೂರಿಸುವ ತರಗತಿಗೆ ಎಂಟು ವರ್ಷದೊಳಗಿನವರನ್ನು ನಾನಂತೂ ಕಳಿಸುವುದಿಲ್ಲ.

ಆದರೆ ಇಲ್ಲಿ ಮೂರು ಸಂಗತಿಗಳನ್ನು ಕಣ್ಣಿಟ್ಟು ನೋಡಬೇಕು.

ಮೊದಲನೆಯದು ಶ್ರುತಿ. ಶಿಕ್ಷಕರು ಗಂಡಸರಾಗಿದ್ದು, ತಮ್ಮ ಗಂಟಲಿಗೆ ಹಿತವಾದ ಕರಿ ಒಂದರಲ್ಲಿಯೇ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿಯೇ, ಎಲ್ಲರನ್ನೂ ಹಾಡಿಸಿದರೆ, ಹಾಡು ಮಂದ್ರಕ್ಕೆ, ಕೆಳಗಿನ ಸ್ವರಗಳಿಗೆ, ಇಳಿದಾಗಲೆಲ್ಲ ಮಕ್ಕಳ ದನಿ ಗುಣುಗುಣು ಎಂದು ಕರಗಿಹೋಗುತ್ತದೆ. ಮಕ್ಕಳಿಗೆ ಹಾಡು ಬರುವುದಿಲ್ಲವೆಂದು ಪೋಷಕರು ತಿಳಿಯುತ್ತಾರೆ. ನಿಜವಾಗಿ ಅವರಿಗೆ ಆ ಶ್ರುತಿ ಬರುವುದಿಲ್ಲ. ಒಂದೆರಡು ಮನೆ ಏರಿಸಿ ಹಾಡಿಸಿದರೆ ಅದೇ ಮಕ್ಕಳು ಛಾವಣಿ ಹಾರುವಂತೆ ಹಾಡುತ್ತಾರೆ. ಹಾರ್ಮೋನಿಯಂ ಮೇಲೆ ಶಿಕ್ಷಕರ ಬೆರಳು ಮಕ್ಕಳಿಗೆ ತಕ್ಕಂತೆ ಜಾಗ ಬದಲಿಸುತ್ತದೆಯೇ ಎಂಬುದನ್ನು ಸಂಗೀತ ಗೊತ್ತಿಲ್ಲದವರೂ ಬಾಗಿಲ ಬಳಿ ನಿಂತು ನೋಡಬಹುದು. ಹನ್ನೆರಡರಿಂದ ಹದಿನೈದರ ನಡುವಿನ ಹುಡುಗರ ವಿಷಯದಲ್ಲಿ ಇದು ಇನ್ನೂ ಮುಖ್ಯ. ದನಿ ಒಡೆಯುವ ಆ ಒಂದೆರಡು ವರ್ಷ ಅವರನ್ನು ತಾರಸ್ಥಾಯಿಯಲ್ಲಿ ಕಿರುಚಿಸುವುದಕ್ಕಿಂತ ಕೈಗೆ ಒಂದು ವಾದ್ಯ ಕೊಡುವುದು ಮೇಲು.

ಎರಡನೆಯದು ಬರವಣಿಗೆ. ಮುಂಬಯಿಯ ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಹಾಡನ್ನು ದೇವನಾಗರಿಯಲ್ಲಿಯೋ ಇಂಗ್ಲಿಷ್ ಅಕ್ಷರದಲ್ಲಿಯೋ ಬರೆದುಕೊಳ್ಳುತ್ತಾರೆ. ಮರಾಠಿ ಬರೆಯುವ ದೇವನಾಗರಿಯಲ್ಲಿ ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆಯಿಲ್ಲ. ಹೀಗಾಗಿ 'ಬೆಳೆ' ಎಂದು ಹೇಳಿಕೊಟ್ಟದ್ದು ವಹಿಯಲ್ಲಿ ಕುಳಿತು ಮುಂದಿನ ವಾರಕ್ಕೆ 'ಬೇಳೆ' ಆಗಿ ಎದ್ದು ಬರುತ್ತದೆ. ನನ್ನ ಮಗಳು ಹೊಲದ ತುಂಬ ಬೇಳೆ ಬಂದದ್ದನ್ನು ಮೂರು ವಾರ ಬಹಳ ಸಂತೋಷದಿಂದ ಹಾಡಿದಳು. ಸಾರಿಗೆ ಹಾಕುವ ಬೇಳೆ ಹೊಲದಲ್ಲಿ ಬರುವುದು ಸರಿಯೇ ಇದೆಯಲ್ಲ ಎಂಬುದು ಅವಳ ವಾದವಾಗಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದವರ ಪಾಡು ಇನ್ನೂ ಕಷ್ಟ, ಅಲ್ಲಿ ಳ ಕೂಡ ಲ ಆಗುತ್ತದೆ. ಮರಾಠಿ ಕಲಿತ ಮಕ್ಕಳಿಗೆ ಕೊನೆಯ ಪಕ್ಷ ಳ ಭದ್ರವಾಗಿರುತ್ತದೆ. ಹಾಡುವಾಗ ಹ್ರಸ್ವವನ್ನು ಎಳೆಯುವುದು ಸಹಜವೇ ಆದರೂ, ತಾನು ಎಳೆಯುತ್ತಿರುವುದು ಹ್ರಸ್ವವನ್ನು ಎಂದು ಎಳೆಯುವವರಿಗೆ ಗೊತ್ತಿರಬೇಕು. ಆದ್ದರಿಂದ ಹಾಡನ್ನು ಬರೆಸದೆ ಬಾಯಿಪಾಠ ಮಾಡಿಸುವ ತರಗತಿ, ಇಲ್ಲವೇ ಹಾಡಿನ ಜೊತೆಗೆ ವಾರಕ್ಕೆ ನಾಲ್ಕಕ್ಷರ ಕಲಿಸುವ ತರಗತಿ, ಛಾಪಿಸಿದ ಹಾಳೆಯನ್ನು ಹಂಚಿ ಹಾಡಿಸುವ ತರಗತಿಗಿಂತ ಮಕ್ಕಳಿಗೆ ಖಂಡಿತವಾಗಿ ಉತ್ತಮ.

ಮೂರನೆಯದು ವಾರ್ಷಿಕೋತ್ಸವ. ಇದು ನಮ್ಮ ಸಂಘಗಳ ಹೆಮ್ಮೆ ಹೇಗೋ ಹಾಗೆ ತರಗತಿಗಳ ರೋಗವೂ ಹೌದು. ನಾವು ಮೊದಲು ಸೇರಿದ ಒಂದು ತರಗತಿಯಲ್ಲಿ ವರ್ಷದ ಶುಲ್ಕವನ್ನು ಮುಂಗಡವಾಗಿ ಪಡೆದು, ದೀಪಾವಳಿಯ ನಂತರದ ಮೂರು ತಿಂಗಳನ್ನು ಒಂದೇ ಹಾಡಿಗೆ, ಅದೂ ಧ್ವನಿಮುದ್ರಿತ ಹಿನ್ನೆಲೆ ಸಂಗೀತಕ್ಕೆ ಕೈಕಾಲು ಆಡಿಸುವುದಕ್ಕೆ ಕಳೆದರು. ವೇದಿಕೆಯ ಮೇಲೆ ಮಕ್ಕಳು ಇಳಕಲ್ ಸೀರೆಯಲ್ಲಿ ಬಹಳ ಚೆನ್ನಾಗಿಯೇ ಕಂಡರು, ಉಡುಗೆಯ ಬಾಡಿಗೆಯನ್ನು ನಾವೇ ಕೊಟ್ಟೆವು. ಮನೆಗೆ ಬಂದ ಮೇಲೆ ಆ ಹಾಡನ್ನು ಹಿನ್ನೆಲೆಯಿಲ್ಲದೆ ಹಾಡು ಎಂದರೆ ಮಗಳಿಗೆ ಎತ್ತಿಕೊಳ್ಳುವ ಸ್ವರವೇ ಸಿಗಲಿಲ್ಲ. ಹಿನ್ನೆಲೆ ಸಂಗೀತವನ್ನು ನಿಲ್ಲಿಸಿದ ಮೇಲೂ ಹಾಡು ಉಳಿಯುತ್ತದೆಯೇ ಎಂಬುದನ್ನು ನೋಡದೆ ಸೇರಬಾರದೆಂದು ಅಂದೇ ತೀರ್ಮಾನಿಸಿದೆ.

ಇನ್ನು ಭಾನುವಾರದ ಮೆಗಾ ಬ್ಲಾಕ್, ಅಂದರೆ ಲೋಕಲ್ ರೈಲುಗಳ ಓಡಾಟಕ್ಕೆ ಬೀಳುವ ತಡೆ. ಮುಂಬಯಿಯಲ್ಲಿ ಇದ್ದುಕೊಂಡು ಇದನ್ನು ಲೆಕ್ಕಕ್ಕೆ ಹಿಡಿಯದೆ ಯಾವ ತರಗತಿಯನ್ನೂ ಆರಿಸುವಂತಿಲ್ಲ. ಮಧ್ಯ ರೈಲ್ವೆಯ ಮುಖ್ಯ ಮಾರ್ಗದಲ್ಲಿ ಮಾಟುಂಗ–ಮುಲುಂಡ್ ನಡುವೆ, ಹಾರ್ಬರ್ ಮಾರ್ಗದಲ್ಲಿ ಕುರ್ಲಾ–ವಾಶಿ ನಡುವೆ ಹಳಿ ಕೆಲಸಕ್ಕಾಗಿ ಸುಮಾರು ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಮೇಲಿಂದ ಮೇಲೆ ಬ್ಲಾಕ್ ಇರುತ್ತದೆ. ಬೆಳಿಗ್ಗೆ 9ಕ್ಕೆ ಆರಂಭವಾಗಿ ಹತ್ತೂವರೆಗೆ ಬಿಡುವ ತರಗತಿ ಮತ್ತು 11ಕ್ಕೆ ಆರಂಭವಾಗುವ ತರಗತಿ ಕಾಗದದ ಮೇಲೆ ಹೆಚ್ಚು ಕಡಿಮೆ ಒಂದೇ. ಹಾಜರಿ ಪುಸ್ತಕದಲ್ಲಿ ಒಂದೇ ಅಲ್ಲ. ಬ್ಲಾಕ್, ಗಣೇಶೋತ್ಸವ, ನವರಾತ್ರಿ, ಪರೀಕ್ಷೆ, ಮೇ ತಿಂಗಳ ಊರಿನ ಪಯಣ, ಎರಡು ಮಳೆಯ ಭಾನುವಾರ, ಇವೆಲ್ಲ ಕಳೆದು ನಾವು ಒಂದು ವರ್ಷದಲ್ಲಿ ಹೋದದ್ದು 31 ವಾರ. ಶುಲ್ಕವನ್ನು 12 ತಿಂಗಳಿಂದ ಭಾಗಿಸದೆ ಇಂಥ 31ರಿಂದ ಭಾಗಿಸಿ ನೋಡಿದರೆ, ಯಾವುದು ಅಗ್ಗ ಎಂಬ ಲೆಕ್ಕ ಅನೇಕ ವೇಳೆ ತಲೆಕೆಳಗಾಗುತ್ತದೆ.

ಭಜನಾ ಮಂಡಳಿ ಮತ್ತು ಯಕ್ಷಗಾನ

ಭಜನಾ ಮಂಡಳಿಗೆ ಸಾಮಾನ್ಯವಾಗಿ ಶುಲ್ಕವಿಲ್ಲ, ಪ್ರವೇಶ ಪರೀಕ್ಷೆಯಿಲ್ಲ, ವಯಸ್ಸಿನ ಮಿತಿಯೂ ಇಲ್ಲ. ಕೈಯಲ್ಲಿ ತಾಳವಿದ್ದು ಕಾಲು ಹೆಜ್ಜೆಯಲ್ಲಿರುವುದರಿಂದ ಲಯ ಮೈಗೆ ಹತ್ತುವುದು ಇಲ್ಲಿಯಷ್ಟು ಬೇಗ ಬೇರೆಲ್ಲಿಯೂ ಅಲ್ಲ. ಆದರೆ ಅಲ್ಲಿ ಹಾಡುವುದು ದೇವರನಾಮ ಮತ್ತು ಭಜನೆ. ಕುಟ್ಟುವ ಪದ, ಜೋಗುಳ ಬೇಕಾದವರಿಗೆ ಅಲ್ಲಿ ಸಿಗುವುದಿಲ್ಲ. ಲಯದ ತಳಪಾಯಕ್ಕೆಂದು ಒಂದು ವರ್ಷ ಕಳಿಸಿ, ಹಾಡಿಗೆ ಬೇರೆ ಕಡೆ ಹೋಗುವುದು ಕೆಟ್ಟ ಯೋಚನೆಯೇನಲ್ಲ.

ಯಕ್ಷಗಾನದ ತರಗತಿಗಳು ನಗರದ ಕರಾವಳಿಯ ಸಮಾಜಗಳಲ್ಲಿ ಬೇರು ಬಿಟ್ಟಿರುವುದರಿಂದ, ಅನೇಕ ಕುಟುಂಬಗಳಿಗೆ ಮನೆಯ ಹತ್ತಿರ ಸಿಗುವ ಕಲಿಕೆ ಇದೊಂದೇ. ಇದರ ಶಿಸ್ತು ಗಟ್ಟಿ. ತಾಳದ ಲೆಕ್ಕ, ಮಾತಿನ ಸ್ಪಷ್ಟತೆ, ಅರ್ಥ ತಿಳಿದು ಹೇಳುವ ಅಭ್ಯಾಸ, ಈ ಮೂರಕ್ಕೂ ಇದನ್ನು ಮೀರಿಸುವ ತರಗತಿಯಿಲ್ಲ. ಮನೆಯಲ್ಲಿ ತುಳು ಆಡುವ ಮಕ್ಕಳು ಶುದ್ಧ ಕನ್ನಡದಲ್ಲಿ ಲೀಲಾಜಾಲವಾಗಿ ಮಾತನಾಡುವುದನ್ನು ಕಲಿತದ್ದು ಇಲ್ಲಿಂದಲೇ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗೆಂದು ಜನಪದ ಹಾಡು ಕಲಿಯಲು ಬಯಸುವವರು ಯಕ್ಷಗಾನಕ್ಕೆ ಸೇರಿ ಆಮೇಲೆ ನಿರಾಶರಾಗಬಾರದು. ಹೆಜ್ಜೆಯ ತರಗತಿಯಲ್ಲಿ ಮಕ್ಕಳು ಹಾಡುವುದೇ ಇಲ್ಲ, ಹಾಡುವವರು ಭಾಗವತರು. ಭಾಗವತಿಕೆ ಬೇಕೆಂದರೆ ಅದನ್ನು ಬೇರೆಯಾಗಿ ಕೇಳಬೇಕು, ಮತ್ತು ಅದು ವರ್ಷಗಳ ಕೆಲಸ. ಯಕ್ಷಗಾನದ ಎರಡು ಶೈಲಿಗಳಲ್ಲಿ ಕಲಿಸುವುದು ತೆಂಕುತಿಟ್ಟೋ ಬಡಗುತಿಟ್ಟೋ ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು. ಚಂಡೆಯ ನುಡಿತದಿಂದ ಹಿಡಿದು ಹೆಜ್ಜೆಯವರೆಗೆ ಎರಡೂ ಬೇರೆ, ನಡುವೆ ಬದಲಿಸುವುದು ಸುಲಭವಲ್ಲ. ಕರಾವಳಿಯ ಕುಟುಂಬಗಳಿಗೆ ಇನ್ನೊಂದು ಮಾತು: ನಾಟಿ ಗದ್ದೆಯಲ್ಲಿ ಹಾಡುವ ತುಳು ಪಾಡ್ದನಗಳು ಅಜ್ಜಿಗೆ ಇನ್ನೂ ಬಾಯಲ್ಲಿದ್ದರೆ, ಅವುಗಳಿಗಾಗಿ ಯಾವ ತರಗತಿಯನ್ನೂ ಹುಡುಕಬೇಕಾಗಿಲ್ಲ, ಮೊಬೈಲಿನಲ್ಲಿ ಅವರ ದನಿಯನ್ನು ಇಂದೇ ಹಿಡಿದಿಟ್ಟುಕೊಳ್ಳಬೇಕು.

ದೊಡ್ಡವರಿಗೆ: ಮನೆಪಾಠವೋ, ಪರದೆಯ ಪಾಠವೋ

ದೊಡ್ಡವರ ಕಲಿಕೆಯ ತೊಡಕು ಬೇರೆ. ಕಚೇರಿಯಿಂದ ಹೊರಟು ಲೋಕಲ್ ಹಿಡಿದು ಮನೆ ಸೇರುವಾಗ ಎಂಟಾಗುವವರಿಗೆ ವಾರದ ನಡುವಿನ ತರಗತಿ ಹೆಸರಿಗೆ ಮಾತ್ರ. ಭಾನುವಾರ ಮಕ್ಕಳ ಜೊತೆಯಲ್ಲಿಯೇ ಕುಳಿತು ಕಲಿಯೋಣವೆಂದರೆ, ಸೋಬಾನೆ, ಕೋಲಾಟದ ಹಾಡುಗಳಿಗೆ ಅದು ಸೊಗಸಾಗಿ ಹೊಂದುತ್ತದೆ, ತಾಯಿ ಮಗಳು ಎದುರುಬದುರು ಹಾಡಿದರೆ ಕೇಳುವುದಕ್ಕೂ ಚೆಂದ, ತತ್ವಪದಕ್ಕೆ ಹೊಂದುವುದಿಲ್ಲ. ಶಿಶುನಾಳ ಷರೀಫರ (1819–1889) ಪದಗಳ ಒಡಪು ಬಿಡಿಸಲು ಕುಳಿತರೆ ಒಂದು ಸಾಲಿಗೆ ಅರ್ಧ ತಾಸು ಬೇಕು. ಎಂಟು ವರ್ಷದವರು ಅಷ್ಟು ಹೊತ್ತಿಗೆ ಜಮಖಾನೆಯ ನೂಲು ಬಿಚ್ಚಿರುತ್ತಾರೆ. ಮಕ್ಕಳಿಗೆ ತತ್ವಪದ ಕಲಿಸಿ ವೇದಿಕೆ ಹತ್ತಿಸುವುದನ್ನು ನಾನು ಒಪ್ಪುವುದಿಲ್ಲ, ಆದರೆ ಈ ವಿಷಯದಲ್ಲಿ ನಮ್ಮ ಮನೆಯಲ್ಲಿಯೇ ಭಿನ್ನಮತವಿದೆ.

ಮನೆಪಾಠ ತುಟ್ಟಿ. ಶ್ರುತಿ ನಿಲ್ಲದವರಿಗೆ, ನಾಲ್ಕು ಜನರ ಮುಂದೆ ಬಾಯಿ ತೆರೆಯಲು ಹಿಂಜರಿಯುವವರಿಗೆ ಮೊದಲ ಆರು ತಿಂಗಳ ಮಟ್ಟಿಗೆ ಅದು ಉಪಯೋಗಕ್ಕೆ ಬರುತ್ತದೆ. ಆಮೇಲೆ ಜೊತೆ ಬೇಕೇ ಬೇಕು. ಒಂದೇ ಕಟ್ಟಡದ ಮೂರು ನಾಲ್ಕು ಮನೆಯವರು ಸೇರಿ ಶಿಕ್ಷಕರನ್ನು ಕರೆಸಿಕೊಂಡರೆ ಖರ್ಚೂ ಹಂಚಿಹೋಗುತ್ತದೆ, ಹಿಮ್ಮೇಳವೂ ಸಿಕ್ಕಂತಾಗುತ್ತದೆ.

ಆನ್‌ಲೈನ್ ಪಾಠದ ಬಗ್ಗೆ ನನಗೆ ಮೊದಲು ತಾತ್ಸಾರವಿತ್ತು, ಈಗ ಇಲ್ಲ. ಅದರ ಬಲ ಮತ್ತು ಮಿತಿ ಎರಡೂ ತಂತ್ರಜ್ಞಾನದಲ್ಲಿಯೇ ಇವೆ. ದನಿ ಅಲ್ಲಿಂದ ಇಲ್ಲಿಗೆ ಬರುವುದಕ್ಕೆ ಕ್ಷಣದ ಒಂದು ಪಾಲು ತಡವಾಗುತ್ತದೆ. ಮಾತಿನಲ್ಲಿ ಅದು ಗೊತ್ತಾಗುವುದಿಲ್ಲ, ತಾಳದಲ್ಲಿ ಗೊತ್ತಾಗುತ್ತದೆ. ಐದು ಮನೆಯವರು ಒಟ್ಟಿಗೆ ಹಾಡಿದರೆ ಐದು ಲಯ ಕೇಳುತ್ತದೆ. ಆದ್ದರಿಂದ ಪರದೆಯ ಮೇಲೆ ಗುರು ಹೇಳಿದ್ದನ್ನು ಒಬ್ಬೊಬ್ಬರಾಗಿ ಮರಳಿ ಹೇಳುವುದು ಸಾಧ್ಯ, ಹಿಮ್ಮೇಳ ಕಟ್ಟುವುದು ಅಸಾಧ್ಯ. ಇನ್ನೊಂದು ತೊಡಕೆಂದರೆ, ವಿಡಿಯೋ ಕರೆಯ ಆ್ಯಪ್‌ಗಳು ಹಿನ್ನೆಲೆಯ ಗದ್ದಲವನ್ನು ತಗ್ಗಿಸುವ ಭರದಲ್ಲಿ ಏಕನಾದದ ಶ್ರುತಿಪೆಟ್ಟಿಗೆಯನ್ನೂ ಗದ್ದಲವೆಂದೇ ತಿಳಿದು ಕತ್ತರಿಸಿಬಿಡುತ್ತವೆ. ಗುರುಗಳ ಏಕತಾರಿ ಎರಡು ಸಲ ಮಿಡಿದು ಮಾಯವಾದರೆ ದೋಷ ಏಕತಾರಿಯದಲ್ಲ. ಆ್ಯಪಿನ ಸೆಟ್ಟಿಂಗ್‌ನಲ್ಲಿ ಮೂಲ ಧ್ವನಿಯನ್ನು ಹಾಗೆಯೇ ಕಳಿಸುವ ಆಯ್ಕೆಯನ್ನು ಎರಡೂ ಕಡೆಯವರು ಒತ್ತಿಕೊಳ್ಳಬೇಕು.

ಇಷ್ಟಿದ್ದೂ ದೊಡ್ಡವರಿಗೆ ನಾನು ಪರದೆಯ ಪಾಠವನ್ನೇ ಮೊದಲು ಸೂಚಿಸುವುದು ಭಾಷೆಯ ಕಾರಣಕ್ಕೆ. ಮುಂಬಯಿಯ ಒಬ್ಬ ಶಿಕ್ಷಕರಿಗೆ ಧಾರವಾಡದ, ಮಂಡ್ಯದ, ಕುಂದಾಪುರದ ಬಾಯಿಮಾತು ಮೂರೂ ಒಲಿದಿರುವುದು ಅಪರೂಪ. ಒಲಿಯದ ಕಡೆ ಅವರು ಸಾಲನ್ನು ಪುಸ್ತಕದ ಕನ್ನಡಕ್ಕೆ ತಿದ್ದಿಬಿಡುತ್ತಾರೆ, ಮತ್ತು ಹಾಡು ಕೆಡುವುದು ಅಲ್ಲಿಯೇ. ಉಚ್ಚಾರಕ್ಕೆ ಹಿಡಿಯುವ ಕಾಲವನ್ನು ಮಾತ್ರೆಗಳಲ್ಲಿ ಅಳೆದರೆ, ಉತ್ತರ ಕರ್ನಾಟಕದ 'ಬರತಾನ' ಎಂಬುದು ಐದು ಮಾತ್ರೆ. ಅದನ್ನು 'ಬರುತ್ತಾನೆ' ಎಂದು ತಿದ್ದಿದರೆ ಆರಾಗುತ್ತದೆ. ಆ ಒಂದು ಹೆಚ್ಚಿನ ಮಾತ್ರೆಯನ್ನು ಎಲ್ಲಾದರೂ ತುರುಕಬೇಕಾದಾಗ ಹಾಡುವವರು ಮುಗ್ಗರಿಸುತ್ತಾರೆ, ಮುಗ್ಗರಿಸಿದ್ದು ತಮ್ಮ ತಪ್ಪೆಂದು ಕೊರಗುತ್ತಾರೆ. ತಮ್ಮ ಅಜ್ಜಿಯ ಊರಿನ ಕಡೆಯ ಕಲಾವಿದರಿಂದಲೇ ಕಲಿಯುವ ಅನುಕೂಲ ಪರದೆಯಿಂದ ಮಾತ್ರ ಸಾಧ್ಯವಾಗಿದೆ. ಅಂಥ ಗುರುಗಳನ್ನು ಮುಖತಃ ಕಾಣಬೇಕೆಂದರೆ ಮೇ ತಿಂಗಳ ಊರಿನ ಪಯಣವನ್ನು ಎರಡು ದಿನ ಹಿಗ್ಗಿಸಬಹುದು. ಮಕ್ಕಳು ಜೊತೆಗಿದ್ದರೆ ಬೆಂಗಳೂರು–ಮೈಸೂರು ರಸ್ತೆಯಲ್ಲಿ ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವನ್ನು ತೋರಿಸಿದರೆ, ಹಾಡಿನಲ್ಲಿ ಮಾತ್ರ ಕೇಳಿದ್ದ ಎಷ್ಟೋ ವಸ್ತುಗಳಿಗೆ ಆಕಾರ ಬರುತ್ತದೆ.

ವಾದ್ಯಕ್ಕೆ ಮರಾಠಿ ಗುರು

ಇದು ಕೆಲವರಿಗೆ ರುಚಿಸದಿರಬಹುದು: ಹಾಡಿಗೆ ಕನ್ನಡದ ಗುರುವನ್ನೇ ಹುಡುಕಬೇಕು, ವಾದ್ಯಕ್ಕೆ ಮನೆಯ ಹತ್ತಿರದ ಮರಾಠಿ ಗುರು ಸಾಕು. ನಮ್ಮ ಒಂಟಿ ತಂತಿಯ ತುಂತುಣಿ ಅವರ ತುಂತುಣೆ, ನಮ್ಮ ಚರ್ಮವಾದ್ಯ ಹಲಗೆ ಅವರ ಹಲಗಿ, ಎಲ್ಲಮ್ಮನ ಪದಕ್ಕೆ ಮಿಡಿಯುವ ನಮ್ಮ ಚೌಡಿಕೆ ಅವರ ಚೌಂಡಕೆ. ಸವದತ್ತಿಯ ಎಲ್ಲಮ್ಮನಿಗೆ ನಡೆದುಕೊಳ್ಳುವವರು ಎರಡೂ ಭಾಷೆಯವರು, ಚೌಡಿಕೆಗೂ ಎರಡೂ ಭಾಷೆ ಗೊತ್ತು. ಎರಡು ಪಕ್ಷವಾಗಿ ನಿಂತು ಹಾಡಿನಲ್ಲಿಯೇ ವಾದಿಸುವ ನಮ್ಮ ಗೀಗೀ ಮೇಳದ ಹರದೇಶಿ–ನಾಗೇಶಿ ವಾದಕ್ಕೂ ಅವರ ಕಲ್ಗಿ–ತುರಾ ವಾದಕ್ಕೂ ನಂಟಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯಿಂದ ಮುಂಬಯಿಗೆ ಬಂದ ಕನ್ನಡಿಗರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ, ಅವರ ಮನೆಗಳಲ್ಲಿ ಪದ ಕನ್ನಡದಲ್ಲಿ ಆರಂಭವಾಗಿ ಮರಾಠಿಯಲ್ಲಿ ಮುಗಿಯುವುದುಂಟು. ಗಂಭೀರವಾಗಿ ಕಲಿಯಬಯಸುವ ದೊಡ್ಡವರಿಗೆ ಕಲಿನಾ ಬಡಾವಣೆಯ ವಿದ್ಯಾನಗರಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಲೋಕಕಲಾ ಅಕಾಡೆಮಿಯಿದೆ. ಅದೇ ಆವರಣದಲ್ಲಿ ಕನ್ನಡ ವಿಭಾಗವೂ ಇರುವುದರಿಂದ ಒಂದು ಸಲ ಹೋದರೆ ಎರಡೂ ಕಡೆ ವಿಚಾರಿಸಿಕೊಂಡು ಬರಬಹುದು.

ಗಣೇಶೋತ್ಸವಕ್ಕೆ ಒಂದೆರಡು ತಿಂಗಳ ಮೊದಲು ಅಭ್ಯಾಸ ಆರಂಭಿಸುವ ಢೋಲ್–ತಾಶಾ ಪಥಕಗಳತ್ತ, ಅಂದರೆ ಮೆರವಣಿಗೆಯ ವಾದ್ಯ ತಂಡಗಳತ್ತ, ಹದಿಹರೆಯದವರು ಸಹಜವಾಗಿ ಆಕರ್ಷಿತರಾಗುತ್ತಾರೆ. ಸಾಮೂಹಿಕ ಶಿಸ್ತು, ಮೈಬಲ, ಗೆಳೆತನ ಎಲ್ಲವೂ ಅಲ್ಲಿ ಸಿಗುತ್ತದೆ. ಸದ್ದು ಮಾತ್ರ ಕಿವಿಗೆ ಅಪಾಯದ ಮಟ್ಟದ್ದು. ಕಿವಿಗೆ ರಕ್ಷಣೆಯಿಲ್ಲದೆ ಕಳಿಸಬಾರದು, ಹತ್ತು ವರ್ಷದೊಳಗಿನವರನ್ನು ಕಳಿಸಲೇಬಾರದು. ಸೊಂಟಕ್ಕೆ ಕಟ್ಟುವ ಢೋಲಿನ ಭಾರ ಎಳೆಯ ಬೆನ್ನಿಗೆ ಒಳ್ಳೆಯದಲ್ಲ; ಈ ಮಾತು ನಮ್ಮ ಡೊಳ್ಳಿಗೂ ಅನ್ವಯಿಸುತ್ತದೆ.

ವಾದ್ಯ ಕೊಳ್ಳುವ ಮುನ್ನ ಜುಲೈ ತಿಂಗಳನ್ನು ನೆನೆಯಬೇಕು. ಚರ್ಮದ ಮುಚ್ಚಿಗೆ ಮುಂಬಯಿಯ ಮಳೆಗಾಲದ ತೇವಕ್ಕೆ ಜೋಲುತ್ತದೆ. ಊರಿನಲ್ಲಿ ಹುಲ್ಲಿನ ಉರಿಗೆ ಹಿಡಿದು ಕಾಯಿಸಿದಂತೆ ಏಳನೆಯ ಮಹಡಿಯ ಬಾಲ್ಕನಿಯಲ್ಲಿ ಕಾಯಿಸಲು ಹೋದರೆ ಸೊಸೈಟಿಯ ಕಾವಲುಗಾರ ಓಡಿ ಬರುತ್ತಾನೆ, ನಮ್ಮಲ್ಲಿ ಬಂದದ್ದೂ ಉಂಟು. ಕಲಿಯುವ ಹಂತದಲ್ಲಿ ಫೈಬರ್ ಮುಚ್ಚಿಗೆಯ ಹಲಗೆಯೇ ಸಾಕು. ನಾದ ಸ್ವಲ್ಪ ಒಣಕಲು, ನೆಮ್ಮದಿ ಹೆಚ್ಚು. ಗೋವೆಯಿಂದ ಘುಮಟವೆಂಬ ಮಣ್ಣಿನ ಚರ್ಮವಾದ್ಯವನ್ನು ತರುವ ಆಸೆಯಿದ್ದವರು ಅದರ ಚರ್ಮ ಯಾವುದೆಂದು ವಿಚಾರಿಸಲೇಬೇಕು. ಹಿಂದೆ ಅದಕ್ಕೆ ಉಡದ ಚರ್ಮ ಬಳಸುತ್ತಿದ್ದರು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಈಗ ಮೇಕೆಯ ಚರ್ಮದ್ದು ಸಿಗುತ್ತದೆ. ಇನ್ನು ನೆರೆಹೊರೆಯ ವಿಷಯ: ಶಬ್ದಮಾಲಿನ್ಯದ ನಿಯಮಗಳಲ್ಲಿ ರಾತ್ರಿಯೆಂದರೆ 10ರಿಂದ ಬೆಳಿಗ್ಗೆ 6ರವರೆಗೆ, ವಸತಿ ಪ್ರದೇಶದ ಹಗಲಿನ ಮಿತಿ 55 ಡೆಸಿಬಲ್. ತಮಟೆಯ ಮೊದಲ ಪೆಟ್ಟಿಗೇ ಅದು ದಾಟಿಹೋಗುತ್ತದೆ. ಮನೆಯಲ್ಲಿ ಅಭ್ಯಾಸಕ್ಕೆ ತಲೆದಿಂಬೇ ಗತಿ.

ಸೇರುವ ಮುನ್ನ ಒಂದು ದಿನ

ಯಾವ ತರಗತಿಯಾದರೂ ಒಂದು ದಿನ ಸುಮ್ಮನೆ ಕುಳಿತು ನೋಡಲು ಬಿಡುತ್ತಾರೆಯೇ ಎಂದು ಕೇಳಬೇಕು. ಬಿಡದಿದ್ದರೆ ಬೇರೆ ತರಗತಿಯನ್ನು ನೋಡಬಹುದು. ಕುಳಿತ ದಿನ ನಾನು ಗಮನಿಸುವುದು ಸ್ವಲ್ಪವೇ. ಶಿಕ್ಷಕರು ಹಾಡನ್ನು ಯಾರು, ಎಲ್ಲಿ, ಯಾವಾಗ ಹಾಡುತ್ತಿದ್ದರೆಂದು ಒಂದೆರಡು ಮಾತು ಹೇಳಿಯೇ ಆರಂಭಿಸುತ್ತಾರೆಯೇ. 'ಈ ಪದ ನೀವು ಯಾರಿಂದ ಕಲಿತಿರಿ, ಮೇಡಂ?' ಎಂದು ಕೇಳಿದರೆ ಒಬ್ಬ ಮನುಷ್ಯನ ಹೆಸರನ್ನೋ ಊರನ್ನೋ ಹೇಳುತ್ತಾರೆಯೇ, ಯೂಟ್ಯೂಬ್ ಕಡೆ ಕೈ ತೋರಿಸುತ್ತಾರೆಯೇ. ಮಗು ಅರ್ಥ ಕೇಳಿದರೆ ಪಾಠ ನಿಲ್ಲುತ್ತದೆಯೇ, ಮಗು ನಿಲ್ಲಬೇಕಾಗುತ್ತದೆಯೇ. ಯೂಟ್ಯೂಬಿನಿಂದ ಕಲಿತದ್ದು ಪಾಪವೇನಲ್ಲ, ನಾನೂ ಕಲಿತಿದ್ದೇನೆ. ಆದರೆ ಅಲ್ಲಿ ಸಿಗುವುದು ಸಾಮಾನ್ಯವಾಗಿ ವಾದ್ಯಗೋಷ್ಠಿಗೆ ಹೊಂದಿಸಿದ ನಾಲ್ಕೈದು ನಿಮಿಷದ ರೂಪ, ಹೆಚ್ಚಿನ ಚರಣಗಳು ಕತ್ತರಿಗೆ ಹೋಗಿರುತ್ತವೆ. ಕೊನೆಯದಾಗಿ, ತರಗತಿ ಮುಗಿದ ಮೇಲೆ ಮೆಟ್ಟಿಲಿಳಿಯುವ ಮಕ್ಕಳ ಬಾಯಲ್ಲಿ ಏನಿದೆ ಎಂದು ಕಿವಿಗೊಡುತ್ತೇನೆ. ಚೆಂಬೂರಿನ ಆ ಮೇಲ್ಮಹಡಿಯಿಂದ ಇಳಿಯುವಾಗ ಇಬ್ಬರು ಹುಡುಗಿಯರು ಒಂದು ಮೆಟ್ಟಿಲು ಬಿಟ್ಟು ಒಂದು ಮೆಟ್ಟಿಲ ಮೇಲೆ ಕಾಲು ಕುಟ್ಟುತ್ತ 'ಸುವ್ವಿ' ಎನ್ನುತ್ತಿದ್ದರು. ನಾನು ಮತ್ತೆ ಮೇಲೆ ಹತ್ತಿ ಹೋಗಿ ಮಗಳ ಹೆಸರು ಬರೆಸಿದೆ.

ಸದ್ಯ ಮಗಳು ಭಾನುವಾರ ಬೆಳಿಗ್ಗೆ 9ಕ್ಕೆ ಅಲ್ಲಿಗೇ ಹೋಗುತ್ತಾಳೆ, ಬ್ಲಾಕ್ ಆರಂಭವಾಗುವ ಮೊದಲು ಮನೆಯಲ್ಲಿರುತ್ತಾಳೆ. ಮಗ ಕಟ್ಟಡದ ಹಿಂದಿನ ಗಲ್ಲಿಯ ಮರಾಠಿ ಕಾಕಾನವರಲ್ಲಿ ಹಲಗಿ ಕಲಿಯುತ್ತಿದ್ದಾನೆ. ನನ್ನ ಪಾಠ ಗುರುವಾರ ರಾತ್ರಿ ಎಂಟೂವರೆಗೆ, ಪರದೆಯ ಮೇಲೆ. ಗುರುಗಳ ಊರಿನಲ್ಲಿ ಕರೆಂಟು ಹೋದ ದಿನ ಅವರು ಫೋನಿನಲ್ಲಿಯೇ ಹೇಳಿಕೊಡುತ್ತಾರೆ, ಆ ದಿನಗಳ ಪಾಠವೇ ಹೆಚ್ಚು ಚೆನ್ನಾಗಿ ನೆನಪಿನಲ್ಲಿ ಉಳಿದಿದೆ.